ಚರ್ಮದ ಮೇಲಣ ಸಣ್ಣ ಬೆಳವಣಿಗೆಗಳು: ಮೊದಲು ಗುರುತು, ಬಳಿಕ ಚಿಕಿತ್ಸೆ

ಮಾನವ ಶರೀರದ ಅಂಗಗಳಲ್ಲೆಲ್ಲ ಅತ್ಯಂತ ವಿಸ್ತಾರವಾದುದು ಚರ್ಮ. ಬಿಸಿಲು, ಮಳೆ, ಧೂಳು ಮತ್ತು ರೋಗಾಣುಗಳಿಂದ ಒಳಗಿನ ಅವಯವಗಳನ್ನು ಹಗಲಿರುಳೂ ಕಾಪಾಡುವ ಈ ಕವಚದ ಮೇಲೆ ಒಂದಲ್ಲ ಒಂದು ಬಗೆಯ ಗುಳ್ಳೆ, ಗಂಟು ಅಥವಾ ಮಚ್ಚೆ ಕಾಣಿಸಿಕೊಳ್ಳದ ಮನುಷ್ಯನೇ ಇಲ್ಲವೆಂದರೂ ಸಲ್ಲುತ್ತದೆ. ನಮ್ಮ ಪ್ರಾಚೀನ ಶಸ್ತ್ರವೈದ್ಯಗ್ರಂಥವಾದ ಸುಶ್ರುತಸಂಹಿತೆಯು ಮಷಕ, ತಿಲಕಾಲಕ ಮೊದಲಾದ ಹೆಸರುಗಳಿಂದ ಇಂತಹವನ್ನು ವಿವರಿಸಿ, ‘ಕ್ಷುದ್ರರೋಗ’ಗಳ ಸಾಲಿನಲ್ಲಿ ಸೇರಿಸಿದೆ. ಕ್ಷುದ್ರ ಎಂದರೆ ಸಣ್ಣದು. ಹೆಸರೇ ಸೂಚಿಸುವಂತೆ ಇವುಗಳಲ್ಲಿ ಬಹುಪಾಲು ಪ್ರಾಣಾಪಾಯವಿಲ್ಲದವು. ಆದರೆ ಎಲ್ಲವೂ ಹಾಗಲ್ಲ. ಸಣ್ಣದೆಂದು ಕಂಡುದೆಲ್ಲ ಕ್ಷುದ್ರವೆಂದು ಭಾವಿಸುವುದರಲ್ಲಿಯೇ ತೊಂದರೆಯ ಮೂಲವಿದೆ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯನ್ನು ನಿದರ್ಶನವಾಗಿ ಇಟ್ಟುಕೊಂಡು ಈ ವಿಷಯವನ್ನು ವಿವೇಚಿಸೋಣ. ವಾಚಕರು ಮೂವರನ್ನು ಕಲ್ಪಿಸಿಕೊಳ್ಳಬೇಕು. ಮೊದಲನೆಯವನು ಮೂಡುಬಿದಿರೆಯ ವಿದ್ಯಾರ್ಥಿನಿಲಯದಲ್ಲಿದ್ದು ಎಂಟನೆಯ ತರಗತಿಯಲ್ಲಿ ಓದುತ್ತಿರುವ ಬಾಲಕ. ಅವನ ಬೆರಳುಗಳ ಮೇಲೆ ನಾಲ್ಕಾರು ಒರಟು ಗುಳ್ಳೆಗಳು ಎದ್ದಿವೆ. ಎರಡನೆಯವಳು ಬಂಟ್ವಾಳದ ತರುಣಿ. ಮದುವೆ ಗೊತ್ತಾಗಿದೆ, ಕೆನ್ನೆಯ ಮೇಲಿನ ಕಪ್ಪು ಚುಕ್ಕೆಗಳು ಆಕೆಗೆ ಚಿಂತೆಯನ್ನುಂಟುಮಾಡಿವೆ. ಮೂರನೆಯವರು ಬೆಳ್ತಂಗಡಿಯ ಅಡಿಕೆ ತೋಟದ ಮನೆಯ ಅಜ್ಜಿ. ಬರಿಗಾಲಿನಲ್ಲಿಯೇ ಆಯುಷ್ಯ ಕಳೆದ ಅವರ ಅಂಗಾಲಿನಲ್ಲಿ ಒಂದು ಕಪ್ಪು ಕಲೆ ವರ್ಷದಿಂದ ಹಿಗ್ಗುತ್ತಿದೆ, ಮನೆಮಂದಿ ಅದನ್ನು ಆಣಿಯೆಂದು ತಿಳಿದಿದ್ದಾರೆ. ಮೂವರಿಗೂ ನೆರೆಯವರು ಒಂದೇ ಉಪಾಯವನ್ನು ಹೇಳುತ್ತಾರೆ: ‘ಸುಟ್ಟುಬಿಡಿ.’ ಈ ಒಂದೇ ಉಪಾಯ ಬಾಲಕನಿಗೆ ಅನಾವಶ್ಯಕ, ತರುಣಿಗೆ ಹಾನಿಕರ, ಅಜ್ಜಿಗೆ ಮಾರಕವಾಗಬಲ್ಲುದು. ಅದು ಹೇಗೆಂಬುದನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸಾಮಾನ್ಯ ಬೆಳವಣಿಗೆಗಳ ಪರಿಚಯ

ಬಾಲಕನ ಬೆರಳಿನ ಮೇಲಿರುವುದು ನರಹುಲಿ ಅಥವಾ ನರೂಲಿ. ಮಾನವ ಪ್ಯಾಪಿಲೋಮಾ ಎಂಬ ವೈರಾಣುವೇ ಇದಕ್ಕೆ ಕಾರಣ. ಈ ವೈರಾಣುವಿನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಚರ್ಮದಲ್ಲಿ ಉಂಟಾದ ಸೂಕ್ಷ್ಮವಾದ ಬಿರುಕು ಅಥವಾ ಗೀರಿನ ಮೂಲಕ ಅದು ಒಳಹೊಕ್ಕು, ಮೇಲ್ಪದರದ ಜೀವಕೋಶಗಳು ಅತಿಯಾಗಿ ಬೆಳೆಯುವಂತೆ ಮಾಡುತ್ತದೆ. ಉಗುರು ಕಚ್ಚುವ ಮಕ್ಕಳಲ್ಲಿ ಅದು ಬೆರಳಿನಿಂದ ಬೆರಳಿಗೆ ಹರಡುತ್ತದೆ. ಕ್ಷೌರ ಮಾಡಿಕೊಳ್ಳುವವರಲ್ಲಿ ಬ್ಲೇಡಿನ ಹಾದಿಯಲ್ಲಿ ಸಾಲಾಗಿ ಮೂಡುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಮಳೆಗಾಲದುದ್ದಕ್ಕೂ ನೆನೆದು ಮೆತ್ತಗಾದ ಪಾದಗಳೊಳಗೆ ವೈರಾಣು ನುಸುಳುವುದು ಇನ್ನೂ ಸುಲಭ.

ಅಂಗಾಲಿನಲ್ಲಿ ನರಹುಲಿ ಬಂದಾಗ ಅದನ್ನು ಆಣಿಯಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ. ಆಣಿಗೆ ವೈರಾಣು ಕಾರಣವಲ್ಲ. ಪಾದರಕ್ಷೆಯ ಒತ್ತಡದಿಂದಲೋ ಮೂಳೆಯ ಉಬ್ಬಿನಿಂದಲೋ ಒಂದೇ ಜಾಗದಲ್ಲಿ ಚರ್ಮ ದಪ್ಪಗಟ್ಟುವುದೇ ಆಣಿ. ಆಣಿಯನ್ನು ನೇರವಾಗಿ ಒತ್ತಿದರೆ ನೋವು ಹೆಚ್ಚು; ನರಹುಲಿಯನ್ನು ಎರಡು ಬದಿಯಿಂದ ಹಿಸುಕಿದರೆ ನೋವು ಹೆಚ್ಚು. ಚರ್ಮದ ಸಹಜ ಗೆರೆಗಳು ಆಣಿಯ ಮೇಲೆ ಹಾಗೆಯೇ ಹಾದುಹೋಗುತ್ತವೆ. ನರಹುಲಿಯ ಅಂಚಿನಲ್ಲಿ ಅವು ತುಂಡಾಗುತ್ತವೆ. ಮೇಲ್ಪದರವನ್ನು ಹೆರೆದಾಗ ನರಹುಲಿಯಲ್ಲಿ ಎಳ್ಳಿನ ಮೊನೆಯಂತಹ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು.

ಮಕ್ಕಳಲ್ಲಿ ಕಾಣುವ ಮತ್ತೊಂದು ವೈರಾಣುಜನ್ಯ ಗುಳ್ಳೆಯೆಂದರೆ ಮೊಲಸ್ಕಮ್. ಇದು ಮುತ್ತಿನಂತೆ ಹೊಳೆಯುತ್ತ, ನಡುವೆ ಹೊಕ್ಕುಳಿನಂತಹ ಸಣ್ಣ ಕುಳಿಯನ್ನು ಹೊಂದಿರುತ್ತದೆ. ಒಂದೇ ಟವೆಲನ್ನು ಹಲವರು ಬಳಸುವುದರಿಂದ ಇದು ಹರಡಬಲ್ಲುದು.

ತರುಣಿಯ ಕೆನ್ನೆಯ ಚುಕ್ಕೆಗಳು ಸಾಮಾನ್ಯವಾಗಿ ಎರಡು ಬಗೆಯವಾಗಿರಬಹುದು. ಒಂದು, ಬಣ್ಣದ ಜೀವಕೋಶಗಳು ಗುಂಪುಗೂಡಿ ಆದ ಮಚ್ಚೆ. ಇನ್ನೊಂದು, ನಮ್ಮಂತಹ ಕಂದು ಮೈಬಣ್ಣದವರಲ್ಲಿ ಕೆನ್ನೆ ಹಾಗೂ ಕಣ್ಣಿನ ಸುತ್ತ ವಂಶಪಾರಂಪರ್ಯವಾಗಿ ಬರುವ, ಸಾಸಿವೆ ಗಾತ್ರದ ಉಬ್ಬಿದ ಕಪ್ಪು ಚುಕ್ಕೆಗಳು. ತಾಯಿಗಿದ್ದುದು ಮಗಳಿಗೂ ಬರುವುದುಂಟು. ಇವು ನಿರಪಾಯಕಾರಿ.

ಕುತ್ತಿಗೆ, ಕಂಕುಳುಗಳಲ್ಲಿ ಸಣ್ಣ ತೊಟ್ಟಿನಿಂದ ಜೋತುಬೀಳುವ ಮೆತ್ತನೆಯ ಚರ್ಮದ ತುಣುಕುಗಳೂ ನಿರಪಾಯಕಾರಿಗಳೇ. ಆದರೆ ಸ್ಥೂಲಕಾಯದವರಲ್ಲಿ ಮತ್ತು ಮಧುಮೇಹಿಗಳಲ್ಲಿ ಅವು ಹೆಚ್ಚು. ಆದ್ದರಿಂದ ಅವು ಅನೇಕವಾಗಿ ಕಂಡುಬಂದಾಗ ರಕ್ತದ ಸಕ್ಕರೆಯನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಲೇಸು. ವೃದ್ಧರ ಬೆನ್ನು, ಎದೆ, ಮುಖಗಳಲ್ಲಿ ಮೇಣ ಮೆತ್ತಿದಂತೆ ಕಾಣುವ ಕಂದು ಉಬ್ಬುಗಳು, ಚರ್ಮದಡಿ ಮೆತ್ತಗೆ ಜಾರುವ ಕೊಬ್ಬಿನ ಗಂಟುಗಳು, ನಡುವೆ ಒಂದು ಕಪ್ಪು ರಂಧ್ರವಿದ್ದು ಒಳಗೆ ದುರ್ವಾಸನೆಯ ಬಿಳಿಯ ಪದಾರ್ಥ ತುಂಬಿರುವ ಚೀಲಗಂಟುಗಳು ಇವೇ ಮೊದಲಾದವನ್ನೂ ಈ ಪಟ್ಟಿಗೆ ಸೇರಿಸಬಹುದು.

ಮನೆಮದ್ದುಗಳ ಮಾತು

ಗೇರು ಮರವನ್ನು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲ್ ದೇಶದಿಂದ ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅದರ ಬೀಜದ ಸಿಪ್ಪೆಯಲ್ಲಿರುವ ಎಣ್ಣೆಯನ್ನು ನರಹುಲಿಗೂ ಆಣಿಗೂ ಹಚ್ಚುವ ರೂಢಿ ಇದೆ. ಈ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಎಂಬ ತೀಕ್ಷ್ಣ ದ್ರವ್ಯಗಳಿವೆ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವವರ ಕೈಗಳನ್ನು ಕಂಡವರಿಗೆ ಇವುಗಳ ಪ್ರಭಾವವನ್ನು ಬೇರೆ ಹೇಳಬೇಕಾಗಿಲ್ಲ. ಹಚ್ಚಿದ ಬಿಂದುವಿನಲ್ಲಿಯೇ ಅದು ನಿಲ್ಲುವುದಿಲ್ಲ. ಸುತ್ತಲಿನ ಒಳ್ಳೆಯ ಚರ್ಮವೂ ಬೊಕ್ಕೆಯೆದ್ದು ಬೇಯುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಡುಗೇರಿನ ರಸವೂ ಇದೇ ಜಾತಿಯದು.

ಸುಣ್ಣ ಮತ್ತು ಬಟ್ಟೆಸೋಡವನ್ನು ಕಲಸಿ ಮಚ್ಚೆಗೆ ಇಡುವುದು ಇನ್ನೊಂದು ಪದ್ಧತಿ. ವಿಜ್ಞಾನದ ಉಪಾಧ್ಯಾಯರು ಇಲ್ಲಿ ನಡೆಯುವ ಕ್ರಿಯೆಯನ್ನು ಕೂಡಲೆ ಗುರುತಿಸಬಲ್ಲರು. ಸುಣ್ಣವೂ ಸೋಡವೂ ಕೂಡಿದಾಗ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡ ಹುಟ್ಟುತ್ತದೆ. ಆಮ್ಲವು ಸುಟ್ಟ ಭಾಗದಲ್ಲಿ ಗಟ್ಟಿಯಾದ ಪೊರೆಯೇರ್ಪಟ್ಟು ಅದು ಇನ್ನಷ್ಟು ಆಳಕ್ಕಿಳಿಯದಂತೆ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕ್ಷಾರವಾದರೋ ಅಂಗಾಂಶವನ್ನು ಕರಗಿಸುತ್ತ ಆಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಮೇಲ್ಪದರದಲ್ಲಿದ್ದ ಸಾಸಿವೆಯಷ್ಟು ಚುಕ್ಕೆಗಾಗಿ ಒಳಪದರವೂ ನಾಶವಾದರೆ ಅಲ್ಲಿ ಕುಳಿಯೋ ಬಿಳಿಯ ಕಲೆಯೋ ಉಬ್ಬಿದ ಗಾಯದ ಗುರುತೋ ಜೀವಮಾನವಿಡೀ ಉಳಿಯುತ್ತದೆ. ಸುಶ್ರುತನೂ ಕ್ಷಾರಕರ್ಮವನ್ನು ಹೇಳಿದ್ದಾನೆ, ನಿಜ. ಆದರೆ ಕ್ಷಾರವನ್ನು ಸಿದ್ಧಪಡಿಸುವ ಕ್ರಮವನ್ನೂ ಹಚ್ಚಿದ ಬಳಿಕ ಹುಳಿಯಾದ ದ್ರವ್ಯದಿಂದ ಅದನ್ನು ಶಮನಗೊಳಿಸುವ ವಿಧಿಯನ್ನೂ ಜೊತೆಯಲ್ಲಿಯೇ ಹೇಳಿದ್ದಾನೆಂಬುದನ್ನು ಮರೆಯಬಾರದು. ಶಾಸ್ತ್ರದಿಂದ ಕ್ಷಾರವನ್ನು ಮಾತ್ರ ತೆಗೆದುಕೊಂಡು ಎಚ್ಚರಿಕೆಯನ್ನು ಬಿಟ್ಟುಬಿಟ್ಟರೆ ಅದು ಶಾಸ್ತ್ರವಾಗಲಾರದು.

ಇನ್ನು ಹರಕೆಯ ವಿಷಯ. ಬೆಳ್ತಂಗಡಿ ತಾಲ್ಲೂಕಿನ ನಡ ಗ್ರಾಮದ ಸುರ್ಯ ಶ್ರೀ ಸದಾಶಿವರುದ್ರ ದೇವಸ್ಥಾನದಲ್ಲಿ ಮಣ್ಣಿನ ಗೊಂಬೆಗಳನ್ನು ಹರಕೆಯಾಗಿ ಒಪ್ಪಿಸುವ ಸಂಪ್ರದಾಯ ಪ್ರಸಿದ್ಧವಾಗಿದೆ. ದೇಹಕ್ಕೆ ಬಾಧೆಯಾದಾಗ ದೇವರಿಗೆ ಮೊರೆಯಿಡುವುದು ಮನುಷ್ಯ ಸಹಜ. ಅದನ್ನು ಆಕ್ಷೇಪಿಸುವುದು ವೈದ್ಯಶಾಸ್ತ್ರದ ಕೆಲಸವಲ್ಲ. ಆದರೆ ಒಂದು ಸಂಗತಿಯನ್ನು ತಿಳಿದಿರಬೇಕು. ಮಕ್ಕಳ ನರಹುಲಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಯಾವ ಮದ್ದೂ ಇಲ್ಲದೆ, ಎರಡು ವರ್ಷಗಳೊಳಗೆ ತಾವಾಗಿಯೇ ಮಾಯವಾಗುತ್ತವೆ. ದೇಹದ ರೋಗನಿರೋಧಕ ಶಕ್ತಿ ವೈರಾಣುವನ್ನು ಕಡೆಗೂ ಗುರುತಿಸಿ ಹೊರಹಾಕುತ್ತದೆ. ಆದ್ದರಿಂದ ಮಾಯವಾಗುವುದಕ್ಕೆ ಸ್ವಲ್ಪ ಮೊದಲು ಯಾವುದನ್ನು ಹಚ್ಚಿದ್ದರೂ ಅದಕ್ಕೇ ಕೀರ್ತಿ ಸಲ್ಲುತ್ತದೆ. ನರಹುಲಿಯ ಮದ್ದುಗಳು ಊರಿಗೊಂದರಂತೆ ಬಳಕೆಯಲ್ಲಿರುವುದಕ್ಕೂ ಪ್ರತಿಯೊಂದಕ್ಕೂ ನಂಬುವವರಿರುವುದಕ್ಕೂ ಇದೇ ರಹಸ್ಯ.

ವೈದ್ಯರು ಅನುಸರಿಸುವ ವಿಧಾನಗಳು

ಬೆಳವಣಿಗೆ ಯಾವುದೆಂದು ನಿರ್ಧಾರವಾದ ಮೇಲೆ ಅದನ್ನು ತೆಗೆಯುವುದು ಇಂದು ಸರಳವಾದ ಕಾರ್ಯ. ಹೆಚ್ಚಿನವನ್ನು ಆಸ್ಪತ್ರೆಯಲ್ಲಿ ಮಲಗುವ ಅಗತ್ಯವಿಲ್ಲದೆ, ಆ ಜಾಗವನ್ನು ಮಾತ್ರ ಮರಗಟ್ಟಿಸಿ, ಅರ್ಧ ಗಂಟೆಯೊಳಗೆ ಮುಗಿಸಬಹುದು. ಮರಗಟ್ಟಿಸಲು ಬಳಸುವ ಲಿಗ್ನೊಕೇನ್ ಎಂಬ ಔಷಧವನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಸಿದ್ಧಪಡಿಸಿದನು. ಸೂಜಿಯ ಒಂದು ಚುಚ್ಚು, ಕ್ಷಣಕಾಲದ ಉರಿ. ಬಳಿಕ ನೋವಿನ ಅರಿವಿರುವುದಿಲ್ಲ.

ಮೊದಲನೆಯದು ಲೇಪನ ವಿಧಾನ. ನರಹುಲಿಗೆ ಸ್ಯಾಲಿಸಿಲಿಕ್ ಆಮ್ಲದ ಲೇಪವನ್ನು, ಕೈಗಾದರೆ ಸುಮಾರು ಶೇಕಡಾ 17ರ ಪ್ರಮಾಣದಲ್ಲಿ, ದಪ್ಪ ಅಂಗಾಲಿಗಾದರೆ ಶೇಕಡಾ 40ರವರೆಗಿನ ಪಟ್ಟಿಯ ರೂಪದಲ್ಲಿ ಬಳಸುತ್ತಾರೆ. ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಾದ ಪದರವನ್ನು ಉಜ್ಜಿ ತೆಗೆದು, ಸುತ್ತಲಿನ ಚರ್ಮಕ್ಕೆ ತಾಗದಂತೆ ದಿನವೂ ಹಚ್ಚಬೇಕು. ಹನ್ನೆರಡು ವಾರಗಳಷ್ಟು ತಾಳ್ಮೆ ಅವಶ್ಯ. ಮಧುಮೇಹಿಗಳು ವೈದ್ಯರ ಸಲಹೆಯಿಲ್ಲದೆ ಪಾದಕ್ಕೆ ಇದನ್ನು ಹಚ್ಚಲೂ ಬಾರದು, ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಲೂ ಬಾರದು.

ಎರಡನೆಯದು ಶೈತ್ಯ ಚಿಕಿತ್ಸೆ. ಹಳ್ಳಿಯ ಪಶುವೈದ್ಯಶಾಲೆಗಳಲ್ಲಿ ಹೋರಿಯ ವೀರ್ಯದ ನಳಿಕೆಗಳನ್ನು ಕಾಪಿಡುವ, ಮುಚ್ಚಳ ತೆಗೆದೊಡನೆ ಬಿಳಿಯ ಹಬೆಯಾಡುವ ಪಾತ್ರೆಯನ್ನು ಹೈನುಗಾರರು ನೋಡಿರುತ್ತಾರೆ. ಅದರಲ್ಲಿರುವ ದ್ರವ ಸಾರಜನಕವೇ ಇಲ್ಲಿಯೂ ಔಷಧ. ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿರುವ ಈ ದ್ರವವನ್ನು ಕೆಲವು ಸೆಕೆಂಡುಗಳ ಕಾಲ ಸಿಂಪಡಿಸಿದರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಎರಡು ಮೂರು ವಾರಗಳ ಅಂತರದಲ್ಲಿ ಪುನಃ ಮಾಡಬೇಕಾಗಬಹುದು. ಕಂದು ಚರ್ಮದಲ್ಲಿ ಬಿಳಿಯ ಕಲೆ ಉಳಿಯುವ ಸಂಭವವಿರುವುದರಿಂದ ಮುಖದ ಮೇಲೆ ಇದನ್ನು ಎಚ್ಚರದಿಂದ ಬಳಸುತ್ತಾರೆ.

ಮೂರನೆಯದು ವಿದ್ಯುತ್ ದಹನ. ವಿದ್ಯುತ್ತಿನಿಂದ ಅಥವಾ ರೇಡಿಯೋ ತರಂಗಗಳಿಂದ ಕಾಯುವ ಸೂಕ್ಷ್ಮ ಮೊನೆಯಿಂದ ಬೆಳವಣಿಗೆಯನ್ನು ಮಾತ್ರ ಸುಡುವುದು ಇದರ ಕ್ರಮ. ಸುಶ್ರುತನ ಅಗ್ನಿಕರ್ಮದ ಆಧುನಿಕ ರೂಪವೆನ್ನಬಹುದು. ಜೋತುಬಿದ್ದ ಚರ್ಮದ ತುಣುಕುಗಳಿಗೂ ಕೆನ್ನೆಯ ಕಪ್ಪು ಚುಕ್ಕೆಗಳಿಗೂ ಇದು ಉಚಿತ. ಇಲ್ಲಿಯೂ ಸುಡುವುದೇ ಆದರೂ ಸುಣ್ಣಕ್ಕೂ ಇದಕ್ಕೂ ಇರುವ ಭೇದವೆಂದರೆ ಆಳದ ಮೇಲಿನ ಹಿಡಿತ. ಮೊಲಸ್ಕಮ್ ಗುಳ್ಳೆಗಳನ್ನು ಸಣ್ಣ ಚಮಚದಂತಹ ಹರಿತವಾದ ಉಪಕರಣದಿಂದ ಕೆರೆದು ತೆಗೆಯುವುದುಂಟು. ಬಹಳ ಮಕ್ಕಳಲ್ಲಿ ಕಾಯುವುದೇ ಸಾಕಾಗುತ್ತದೆ.

ನಾಲ್ಕನೆಯದು ಲೇಸರ್. ಚರ್ಮದ ಮೇಲ್ಪದರವನ್ನು ಆವಿಯಾಗಿಸಲು ಬಳಸುವ ಇಂಗಾಲದ ಡೈಆಕ್ಸೈಡ್ ಲೇಸರನ್ನು ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿದ ಸಿ. ಕುಮಾರ್ ಪಟೇಲ್ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದಾಗ 1964ರಲ್ಲಿ ಕಂಡುಹಿಡಿದರೆಂಬುದು ಭಾರತೀಯರಿಗೆ ಹೆಮ್ಮೆಯ ವಿಷಯ.

ಐದನೆಯದು ಶಸ್ತ್ರದಿಂದ ಕತ್ತರಿಸಿ ತೆಗೆಯುವುದು. ಕೊಬ್ಬಿನ ಗಂಟು, ಚೀಲಗಂಟು, ಆಳದ ಮಚ್ಚೆಗಳಿಗೆ ಇದೇ ಮಾರ್ಗ. ಚೀಲಗಂಟನ್ನು ಹಿಸುಕಿ ಒಳಗಿನದನ್ನು ಹೊರಹಾಕಿದರೆ ಸಾಲದು. ಚೀಲದ ಗೋಡೆ ಉಳಿದರೆ ಗಂಟು ಮತ್ತೆ ತುಂಬುತ್ತದೆ. ಹೊಲಿಗೆಯನ್ನು ಮುಖದಲ್ಲಾದರೆ ಐದರಿಂದ ಏಳು ದಿನಗಳಲ್ಲಿ, ಬೆನ್ನು ಕಾಲುಗಳಲ್ಲಾದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಬಿಚ್ಚುತ್ತಾರೆ.

ಚಿಕಿತ್ಸೆಗೆ ಮುನ್ನ ರೋಗಿಯು ಕೆಲವು ಸಂಗತಿಗಳನ್ನು ತಾನಾಗಿಯೇ ವೈದ್ಯರಿಗೆ ತಿಳಿಸಬೇಕು: ಮಧುಮೇಹವಿದೆಯೇ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಳಿಗೆ ಸೇವಿಸುತ್ತಿರುವರೇ, ಎದೆಯಲ್ಲಿ ಪೇಸ್‌ಮೇಕರ್ ಇದೆಯೇ, ಹಿಂದೆ ಗಾಯವಾದಲ್ಲಿ ಅಥವಾ ಕಿವಿ ಚುಚ್ಚಿದಲ್ಲಿ ಚರ್ಮ ಉಬ್ಬಿ ಬೆಳೆದಿತ್ತೇ ಎಂಬಿವು. ಕೊನೆಯದಕ್ಕೆ ಕೀಲಾಯ್ಡ್ ಎಂದು ಹೆಸರು. ಅದನ್ನು ಬರಿದೇ ಕತ್ತರಿಸಿದರೆ ಮೊದಲಿಗಿಂತ ದೊಡ್ಡದಾಗಿ ಮರಳಿ ಬರುವ ಸಂಭವವಿದೆ; ಆದುದರಿಂದ ಅದಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದನ್ನು ಕೊಡುತ್ತಾರೆ. ಚಿಕಿತ್ಸೆಯ ಬಳಿಕ ಗಾಯವನ್ನು ಶುದ್ಧ ನೀರಿನಿಂದ ತೊಳೆದು, ಹೇಳಿದ ಮುಲಾಮನ್ನು ಹಚ್ಚಿ, ಹಕ್ಕಳೆಯನ್ನು ಕೀಳದೆ, ಬಿಸಿಲಿಗೊಡ್ಡದೆ ಇದ್ದರೆ ಸಾಕು. ಬೂದಿ, ಸೆಗಣಿ, ಅರಶಿನಪುಡಿಗಳನ್ನು ತುಂಬಬಾರದು. ಅವಸರವಿಲ್ಲದ ಪಾದದ ಚಿಕಿತ್ಸೆಯನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳುವುದು ತೋಟಗದ್ದೆಗಳಲ್ಲಿ ದುಡಿಯುವವರಿಗೆ ಅನುಕೂಲ.

ಸುಡಬಾರದ ಕಲೆಗಳು

ಈಗ ಬೆಳ್ತಂಗಡಿಯ ಅಜ್ಜಿಯ ಕಡೆಗೆ ಬರೋಣ. ಬಣ್ಣದ ಜೀವಕೋಶಗಳಲ್ಲಿ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರ್ ಬಿಳಿಯರಿಗಿಂತ ನಮ್ಮಲ್ಲಿ ಬಹಳ ವಿರಳ. ಆದರೆ ಬಂದಾಗ ಅದು ಹೆಚ್ಚಾಗಿ ಆರಿಸಿಕೊಳ್ಳುವ ಸ್ಥಾನಗಳು ಅಂಗಾಲು, ಅಂಗೈ ಮತ್ತು ಉಗುರಿನ ಅಡಿ. ಅಂಗಾಲನ್ನು ನಾವು ನೋಡಿಕೊಳ್ಳುವುದು ಅಪರೂಪ. ನೋಡಿದರೂ ಆಣಿಯೆಂದೋ ಮುಳ್ಳು ಚುಚ್ಚಿದ ಗುರುತೆಂದೋ ಬಗೆಯುತ್ತೇವೆ. ಜಮೈಕಾದ ವಿಶ್ವವಿಖ್ಯಾತ ಗಾಯಕ ಬಾಬ್ ಮಾರ್ಲೆಯ ಕಾಲಿನ ಹೆಬ್ಬೆರಳಿನ ಉಗುರಿನಡಿಯಲ್ಲಿ ಇದೇ ರೋಗವಿರುವುದು 1977ರಲ್ಲಿ ತಿಳಿದುಬಂತು. 1981ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ಆತ ಅದರಿಂದಲೇ ತೀರಿಕೊಂಡನು.

ಕಲೆಯ ಎರಡು ಅರ್ಧಗಳು ಒಂದೇ ತೆರನಾಗಿಲ್ಲದಿರುವುದು, ಅಂಚು ಹರಿದಂತೆ ಅಂಕುಡೊಂಕಾಗಿರುವುದು, ಒಂದರಲ್ಲೇ ಹಲವು ಬಣ್ಣ ಬೆರೆತಿರುವುದು, ಅಡ್ಡಳತೆ 6 ಮಿಲಿಮೀಟರಿಗಿಂತ ಹೆಚ್ಚಿರುವುದು, ಎಲ್ಲಕ್ಕಿಂತ ಮಿಗಿಲಾಗಿ ಕೆಲವು ತಿಂಗಳಲ್ಲಿ ಬದಲಾಗುತ್ತಿರುವುದು: ಇವು ಎಚ್ಚರಿಕೆಯ ಚಿಹ್ನೆಗಳು. ಉಗುರಿನ ಕಪ್ಪು ಗೆರೆ ಅಗಲವಾಗುತ್ತ ಬುಡದ ಚರ್ಮಕ್ಕೂ ಹರಡಿದರೆ ತಡಮಾಡಬಾರದು. ವೃದ್ಧರ ಮುಖದಲ್ಲಿ, ಮೂಗಿನ ಅಥವಾ ಕಣ್ಣಿನ ಬಳಿ ಮುತ್ತಿನ ಕಾಂತಿಯ ಗುಳ್ಳೆಯೊಂದು ಒಡೆದು, ಹಕ್ಕಳೆಗಟ್ಟಿ, ಮತ್ತೆ ಒಡೆಯುತ್ತಿದ್ದರೆ. ಹಳೆಯ ಸುಟ್ಟಗಾಯದ ಗುರುತಿನಲ್ಲಿ ಹುಣ್ಣೆದ್ದರೆ. ಯಾವುದೇ ಹುಣ್ಣು ನಾಲ್ಕು ವಾರವಾದರೂ ಮಾಯದಿದ್ದರೆ ಅದನ್ನು ತೋರಿಸಲೇಬೇಕು. ಸ್ಪರ್ಶಜ್ಞಾನವಿಲ್ಲದ ಮಸುಕಾದ ಮಚ್ಚೆ ಅಥವಾ ದಪ್ಪಗಟ್ಟಿದ ಕಿವಿಹಾಲೆಯ ಗಂಟುಗಳು ಕುಷ್ಠರೋಗದ ಸೂಚನೆಯಾಗಿರಬಹುದು. ಅದಕ್ಕೆ ಬೇಕಾದುದು ಶಸ್ತ್ರವಲ್ಲ, ಸರ್ಕಾರವು ಉಚಿತವಾಗಿ ನೀಡುವ ಬಹು ಔಷಧ ಚಿಕಿತ್ಸೆ. ಅದರಿಂದ ರೋಗ ಪೂರ್ಣವಾಗಿ ಗುಣವಾಗುತ್ತದೆ.

ಸಂಶಯಾಸ್ಪದವಾದ ಕಲೆಯನ್ನು ಸುಡಬಾರದು, ಹೆಪ್ಪುಗಟ್ಟಿಸಬಾರದು, ಲೇಸರಿನಿಂದಲೂ ಅಳಿಸಬಾರದು. ಏಕೆಂದರೆ ಬೂದಿಯಾದುದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗದು. ಮೇಲಿನ ಬಣ್ಣ ಅಳಿದು ರೋಗಿ ನೆಮ್ಮದಿಯಿಂದಿರುವಾಗ ರೋಗ ಒಳಗೇ ಇಳಿಯುತ್ತಿರಬಹುದು. ಆದ್ದರಿಂದ ಅದನ್ನು ಪೂರ್ತಿಯಾಗಿಯೋ ಒಂದು ತುಣುಕಾಗಿಯೋ ಕತ್ತರಿಸಿ, ಫಾರ್ಮಲಿನ್ ದ್ರವದಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಇದಕ್ಕೆ ಬಯಾಪ್ಸಿ ಎಂದು ಹೆಸರು. ‘ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಭಯ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಕ್ರಮಬದ್ಧವಾಗಿ ಮಾಡಿದ ಚರ್ಮದ ಬಯಾಪ್ಸಿಗೆ ಆ ಭಯ ಸಲ್ಲದು. ಅನರ್ಥಕ್ಕೆ ಕಾರಣವಾಗುವುದು ಕತ್ತಿಯಲ್ಲ, ವಿಳಂಬ. ಆರಂಭದಲ್ಲಿ ತೆಳುವಾಗಿದ್ದಾಗಲೇ ತೆಗೆದ ಮೆಲನೋಮ ಸಾಮಾನ್ಯವಾಗಿ ಗುಣವಾಗುತ್ತದೆ. ಆಳಕ್ಕಿಳಿದು ಗ್ರಂಥಿಗಳನ್ನು ಸೇರಿದ ಮೇಲೆ ಹಾಗೆನ್ನಲಾಗದು.

ನಮ್ಮ ಕರ್ತವ್ಯ

ಈ ಸೀಮೆಯವರಿಗೆ ಚಿಕಿತ್ಸೆ ದೂರದ ಮಾತಲ್ಲ. ಮಂಗಳೂರಿಗೆ ಬಂಟ್ವಾಳದಿಂದ ಸುಮಾರು 25, ಮೂಡುಬಿದಿರೆಯಿಂದ ಸುಮಾರು 35, ಬೆಳ್ತಂಗಡಿಯಿಂದ ಸುಮಾರು 60 ಕಿಲೋಮೀಟರ್. 1848ರಲ್ಲಿ ಆರಂಭವಾದ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಅಲ್ಲಿದೆ. ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಪ್ರಾರಂಭಿಸಿದ ಔಷಧಾಲಯ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ನೀಡಿ, ಇಂದು ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ಕೊರತೆಯಿರುವುದು ಸೌಕರ್ಯದಲ್ಲಲ್ಲ, ‘ಇಷ್ಟಕ್ಕೆಲ್ಲ ಡಾಕ್ಟರೇ?’ ಎಂಬ ನಮ್ಮ ಸಂಕೋಚದಲ್ಲಿ.

ಶಾಲೆಗಳು ಈ ಸಂಕೋಚವನ್ನು ನೀಗಿಸಬಲ್ಲವು. ನರಹುಲಿಯೋ ಮೊಲಸ್ಕಮ್ಮೋ ಇರುವ ಮಗುವನ್ನು ತರಗತಿಯಿಂದ ದೂರವಿಡಬೇಕಾದ ಕಾರಣವಿಲ್ಲ. ಸಹಪಾಠಿಗಳು ಹಂಗಿಸದಂತೆ ನೋಡಿಕೊಳ್ಳುವುದು ಉಪಾಧ್ಯಾಯರ ಧರ್ಮ. ವಿದ್ಯಾರ್ಥಿನಿಲಯಗಳಲ್ಲಿ ಪ್ರತಿಯೊಬ್ಬನಿಗೂ ಬೇರೆಯಾದ ಟವೆಲು, ಸ್ನಾನಗೃಹದಲ್ಲಿ ಚಪ್ಪಲಿ, ಕ್ಷೌರಕ್ಕೆ ಪ್ರತಿಸಲವೂ ಹೊಸ ಬ್ಲೇಡು ಎಂಬ ಮೂರು ನಿಯಮಗಳಿಂದಲೇ ಸೋಂಕು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೊಂದು ದಿನ ಮಕ್ಕಳ ಮತ್ತು ಅವರ ಮನೆಯ ಹಿರಿಯರ ಚರ್ಮ ತಪಾಸಣೆಗೆ ಬಂದು, ದಾನಿಗಳು ಅದರ ವೆಚ್ಚವನ್ನೂ ಬಡವರ ಬಯಾಪ್ಸಿಯ ವೆಚ್ಚವನ್ನೂ ವಹಿಸಿಕೊಂಡರೆ ಅದಕ್ಕಿಂತ ಸಾರ್ಥಕವಾದ ಸೇವೆ ವಿರಳ.

ಮೂಡುಬಿದಿರೆಯ ಬಾಲಕನಿಗೆ ಬೇಕಾದುದು ಒಂದು ಲೇಪವೂ ಸ್ವಲ್ಪ ತಾಳ್ಮೆಯೂ. ಬಂಟ್ವಾಳದ ತರುಣಿಗೆ ಬೇಕಾದುದು ಆಳವನ್ನರಿತ ಕೈಯೊಂದು, ಅದೂ ಮದುವೆಗೆ ಎರಡು ಮೂರು ತಿಂಗಳು ಮುಂಚಿತವಾಗಿ. ಬೆಳ್ತಂಗಡಿಯ ಅಜ್ಜಿಗೆ ಬೇಕಾದುದು, ಅವರ ಅಂಗಾಲನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವ ಮೊಮ್ಮಗನೊಬ್ಬ. ಆ ಮೊಮ್ಮಗ ನಮ್ಮ ಯಾವುದೋ ಒಂದು ಶಾಲೆಯಲ್ಲಿ ಓದುತ್ತಿದ್ದಾನೆ. ಅವನಿಗೆ ಈ ವಿಷಯವನ್ನು ತಿಳಿಸುವ ಹೊಣೆ ನಮ್ಮದು.